ಸೆರೆಮನೆಯ ಖರ್ಚು ಯಾರದು?



ಕೈದಿಯ ತಟ್ಟೆಗೆ ಬೀಳುವ ಮುದ್ದೆಯ ಖರ್ಚನ್ನು ಕೊಡುವವರು ಯಾರು? ಸಂವಿಧಾನದ 7ನೇ ಅನುಸೂಚಿಯಂತೆ ಕಾರಾಗೃಹ ರಾಜ್ಯಗಳಿಗೆ ಸೇರಿದ ವಿಷಯ. ಆದ್ದರಿಂದ ಅದರ ವೆಚ್ಚಕ್ಕೆ ಪ್ರತಿವರ್ಷ ವಿಧಾನಸಭೆಯ ಒಪ್ಪಿಗೆ ಬೇಕು. ಹಣ ಬರುವುದು ರಾಜ್ಯದ ಬೊಕ್ಕಸದಿಂದ. ನಾವು ಕೊಡುವ ತೆರಿಗೆಯೂ ಅದರಲ್ಲಿದೆ. ಅದು ಸಿಬ್ಬಂದಿಯ ಸಂಬಳ, ಕೈದಿಗಳ ಊಟ, ಔಷಧಿ, ಕಟ್ಟಡಗಳ ದುರಸ್ತಿಗೆ ಹೋಗುತ್ತದೆ. ದುಡಿಯುವ ಕೈದಿಗೆ ನ್ಯಾಯವಾದ ಕೂಲಿಯನ್ನೂ ಕೊಡಬೇಕೆಂದು 1998ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಅವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಜಾಮೀನಿಗೆ ಹಣವಿಲ್ಲದೆ ಒಳಗೇ ಉಳಿದ ಬಡವನ ಊಟಕ್ಕೂ ಕಾವಲಿಗೂ ಸರ್ಕಾರವೇ ಖರ್ಚು ಮಾಡಬೇಕು. ಅಂಥವರ ಜಾಮೀನಿಗೆ 40,000 ರೂಪಾಯಿಗಳವರೆಗೆ ನೆರವು ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ರೂಪಿಸಿತು. ವಿಚಾರಣೆ ಬೇಗ ಮುಗಿದರೆ ಅವನ ದಿನಗಳೂ ಉಳಿದಾವು, ನಮ್ಮ ಹಣವೂ ಉಳಿದೀತು.