ಬರವನ್ನು ತಾಳುವ ಕಾಡು ಗುಪ್ಪಟೆ ಮತ್ತು ಅದರ ತವರು



ಬೇಲಿಯಂಚಿನಲ್ಲಿ, ಗದ್ದೆಯ ಬದುವಿನಲ್ಲಿ ತಾನಾಗಿ ಹುಟ್ಟುವ ಗುಪ್ಪಟೆ ಹಣ್ಣು ಹಳ್ಳಿಯ ಮಕ್ಕಳಿಗೆ ಪರಿಚಿತ. ತೆಳು ಕಾಗದದಂಥ ಬುಡ್ಡೆಯೊಳಗೆ ಗೋಲಿಯಂಥ ಹಣ್ಣು. ಟೊಮೇಟೊ, ಬದನೆಗಳ ಬಂಧುವಾದ ಈ ಫೈಸಾಲಿಸ್ ಕುಲದ ಬಹುತೇಕ ಪ್ರಭೇದಗಳ ತವರು ಅಮೆರಿಕ ಖಂಡ. ಅಲ್ಲಿನ ಒಣನೆಲದ ಕಾಡು ಗುಪ್ಪಟೆಯೊಂದರ, ಅಂದರೆ ಫೈಸಾಲಿಸ್ ಹೆಡೆರಿಫೋಲಿಯದ, ವೃತ್ತಾಂತ ಮಲೆನಾಡಿಗೂ ಬೋಧಪ್ರದವಾಗಿದೆ.

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಝೂನಿ ಎಂಬ ಮೂಲನಿವಾಸಿಗಳ ಊರಿದೆ. ಎತ್ತರ ಸುಮಾರು 1,900 ಮೀಟರ್. ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ನೆತ್ತಿಗೆ ಸಮ. ವರ್ಷದ ಮಳೆಯಾದರೋ ಸುಮಾರು 300 ಮಿ.ಮೀ.; ಆಗುಂಬೆಯಲ್ಲಿ ಆಷಾಢದ ಕೆಲವೇ ದಿನಗಳಲ್ಲಿ ಸುರಿಯುವಷ್ಟು. ಅಲ್ಲಿನ ಹೆಂಗಸರು ಕೈತೋಟವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸಿ, ಸುತ್ತ ಮಣ್ಣಿನ ಏರಿ ಕಟ್ಟಿ, ಹೊತ್ತು ತಂದ ನೀರು ಹರಿದುಹೋಗದಂತೆ ಬೇರಿಗೇ ಇಂಗಿಸುತ್ತಿದ್ದರು. ಕಾಡು ಗುಪ್ಪಟೆಯ ಹಣ್ಣನ್ನು ಬೇಯಿಸಿ, ಜಜ್ಜಿ, ನಂಚಿಕೊಳ್ಳುವ ಝೂನಿ ಪದ್ಧತಿಯನ್ನು ಮಟಿಲ್ಡಾ ಕಾಕ್ಸ್ ಸ್ಟೀವನ್‌ಸನ್ 1915ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ.

ಆ ಸೀಮೆಯ ಕೈತೋಟದಲ್ಲಿ ಇದನ್ನು ಬೆಳೆಸುವುದು ಕಷ್ಟವಲ್ಲ. ವಸಂತದಲ್ಲಿ ಕುಂಡದಲ್ಲಿ ಬಿತ್ತಿ, ಹಿಮ ಬೀಳುವ ಕಾಲ ಕಳೆದ ಮೇಲೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ನೆಡಬೇಕು. ಬೇರೂರುವವರೆಗೆ ನೀರು ಸಾಕು. ಚಳಿಗೆ ಗಿಡ ಒಣಗಿದರೂ ನೆಲದಡಿಯ ಬೇರು ಜೀವ ಹಿಡಿದುಕೊಂಡು ಮರುವರ್ಷ ಚಿಗುರುತ್ತದೆ. ಬರವನ್ನು ತಾಳುವ ಗುಟ್ಟು ಇದೇ. ಬುಡ್ಡೆ ಒಣಗಿ ಹಣ್ಣು ಮಾಗಿದ ಮೇಲಷ್ಟೇ ತಿನ್ನಬೇಕು. ಹಸಿರು ಕಾಯಿ, ಎಲೆಗಳು ವಿಷಕಾರಿ.

ಹಾಗಾದರೆ ಇದರ ಬೀಜ ತರಿಸಿ ಇಲ್ಲಿ ಬಿತ್ತಬಹುದೇ? ಕೂಡದು. ತವರಿನಲ್ಲಿ ಆಹಾರವಾದ ಇದೇ ಗಿಡ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ ಉಪದ್ರವಕಾರಿ ಕಳೆಯೆಂದು ಘೋಷಿತವಾಗಿದೆ. ಅಲ್ಲಿ ಉಳುಮೆಯಲ್ಲಿ ತುಂಡಾದ ಬೇರುಗಳೂ ಚಿಗುರಿ ಹೊಲವನ್ನು ಆವರಿಸುತ್ತವೆ. ಬರವನ್ನು ಗೆಲ್ಲಿಸಿದ ಗುಣವೇ ಪರನೆಲದಲ್ಲಿ ಪಿಡುಗಾಯಿತು. ಅಲಂಕಾರಕ್ಕೆಂದು ಬಂದ ಲಂಟಾನ ಘಟ್ಟದ ಕಾಡಿಗೆ ಮಾಡಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಝೂನಿಯಿಂದ ತರಬೇಕಾದದ್ದು ಬೀಜವನ್ನಲ್ಲ, ವಿವೇಕವನ್ನು. ಮಲೆನಾಡಿನಲ್ಲಿಯೂ ಅದೇ ಗುಣದ ಸ್ವದೇಶಿ ಸಸ್ಯವೊಂದಿದೆ: ಮಾಡಹಾಗಲ. ಬೇಸಿಗೆಯಲ್ಲಿ ಬಳ್ಳಿ ಸತ್ತಂತೆ ಕಂಡರೂ ಗೆಡ್ಡೆ ನೆಲದಡಿ ಮಲಗಿದ್ದು, ಮೊದಲ ಮಳೆಗೆ ಎದ್ದುಬರುತ್ತದೆ. ಗಂಡು, ಹೆಣ್ಣು ಬಳ್ಳಿಗಳು ಬೇರೆ ಬೇರೆ. ಎರಡನ್ನೂ ಬೇಲಿಗೆ ಹಬ್ಬಿಸಿದರೆ ಕಾಯಿ ಕಚ್ಚುತ್ತದೆ. ಕಾಡಿನಿಂದ ಗೆಡ್ಡೆಗಳನ್ನೆಲ್ಲ ಅಗೆದು ತರುವುದು ಸಲ್ಲದು; ಮಾಗಿದ ಹಣ್ಣಿನ ಬೀಜ ಬಿತ್ತಿ, ಗೆಡ್ಡೆಗಳನ್ನು ನೆರೆಹೊರೆಯವರು ಹಂಚಿಕೊಳ್ಳಬೇಕು. ಇಂಥ ಸಸ್ಯಗಳ ಹೆಸರು, ಅಡುಗೆ, ಬೆಳೆಯುವ ಕ್ರಮಗಳನ್ನು ವಿದ್ಯಾರ್ಥಿಗಳು ತಮ್ಮ ಅಜ್ಜಿಯರಿಂದ ಕೇಳಿ ಬರೆದಿಡಲಿ. ಬಳಕೆ ತಪ್ಪಿದ ಗಿಡವನ್ನು ಕಳೆಯೆಂದು ಕಿತ್ತೆಸೆಯಲು ಒಂದು ತಲೆಮಾರು ಸಾಕು.