ಹುಲ್ಲು, ಸಿಪ್ಪೆ, ರವದಿ: ಒಲೆಗೆಷ್ಟು, ಮಣ್ಣಿಗೆಷ್ಟು?

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



‘ಕೃಷಿ ತ್ಯಾಜ್ಯ’ ಎಂಬ ಮಾತು ರೈತನ ಅಂಗಳದಲ್ಲಿ ಹುಟ್ಟಿದ್ದಲ್ಲ. ಭತ್ತದ ಹುಲ್ಲು ದನಕ್ಕೆ ಮೇವು. ಅಡಿಕೆಯ ಸೋಗೆ ತೋಟದ ಮುಚ್ಚಿಗೆ. ಒಣ ದರಕು ಕೊಟ್ಟಿಗೆಯ ಹಾಸು. ಕಬ್ಬಿನ ಸಿಪ್ಪೆ ಆಲೆಮನೆಯ ಒಲೆಗೆ ಉರುವಲು. ಹೊಲ, ಕೊಟ್ಟಿಗೆ, ಗೊಬ್ಬರಗುಂಡಿಗಳ ನಡುವಿನ ಈ ಕೊಂಡಿ ಕಳಚಿದಲ್ಲಿ ಮಾತ್ರ ಉಳಿಕೆಯು ಕಸವಾಗುತ್ತದೆ.

ಪಂಜಾಬು ಇದಕ್ಕೆ ಕಣ್ಣೆದುರಿನ ನಿದರ್ಶನ. ಅಲ್ಲಿ ವರ್ಷಕ್ಕೆ ಸುಮಾರು 2 ಕೋಟಿ ಟನ್ ಭತ್ತದ ಹುಲ್ಲು ಹುಟ್ಟುತ್ತದೆ. ಅಂತರ್ಜಲವನ್ನು ಉಳಿಸಲೆಂದು 2009ರಲ್ಲಿ ಬಂದ ಕಾಯಿದೆಯು ನಾಟಿಯನ್ನು ಮುಂದಕ್ಕೆ ದೂಡಿತು, ಕೊಯ್ಲೂ ತಡವಾಯಿತು. ಗೋಧಿ ಬಿತ್ತನೆಗೆ ಉಳಿಯುವುದು ಎರಡು ಮೂರು ವಾರ ಮಾತ್ರ. ಕೊಯ್ಲಿನ ಯಂತ್ರ ಬಿಟ್ಟುಹೋದ ಕೂಳೆಗೆ ಬೆಂಕಿಯಿಡುವುದೇ ಅಗ್ಗದ ದಾರಿಯಾಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ಇದನ್ನು ನಿಷೇಧಿಸಿದರೂ ಹೊಗೆ ಪೂರ್ಣವಾಗಿ ನಿಲ್ಲಲಿಲ್ಲ.

ಸುಡುವ ಹುಲ್ಲನ್ನು ಇಂಧನವಾಗಿಸುವ ವಿಚಾರ ಮುನ್ನೆಲೆಗೆ ಬಂದುದು ಇಂಥ ಸಂಕಟದಿಂದ. ಅದಕ್ಕೆ ಮುಖ್ಯವಾಗಿ ಮೂರು ಮಾರ್ಗಗಳಿವೆ.

ಮೊದಲನೆಯದು ಶಾಖದ ಮಾರ್ಗ. ಒಣ ಉಳಿಕೆಯನ್ನು ಒತ್ತಿ ಇಟ್ಟಿಗೆಯಾಗಿಸಿ ಉರಿಸಬಹುದು. ಇಲ್ಲವೇ ಕಡಿಮೆ ಗಾಳಿಯಲ್ಲಿ ಅರೆಬರೆ ಉರಿಸಿ ಅನಿಲ ಪಡೆಯಬಹುದು. ಈ ಅನಿಲದಲ್ಲಿ ಉರಿಯುವಂಥವು ಇಂಗಾಲದ ಮೊನಾಕ್ಸೈಡ್ ಮತ್ತು ಜಲಜನಕ. ಇದರಿಂದ ಎಂಜಿನ್ ನಡೆಯುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಕಿಲೋಗಿಂತ ತುಸು ಹೆಚ್ಚು ಒಣಗಿದ ಕಟ್ಟಿಗೆ ಬೇಕು. ಎರಡನೆಯದು ಕೊಳೆಸುವ ಮಾರ್ಗ. ಗಾಳಿಯಾಡದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಉಳಿಕೆಯನ್ನು ಜೀರ್ಣಿಸಿ ಮೀಥೇನ್ ನೀಡುತ್ತವೆ. ಮೂರನೆಯದು ಎಥನಾಲ್. ಹುಲ್ಲಿನ ಸೆಲ್ಯುಲೋಸ್ ಎಂಬುದು ಸಕ್ಕರೆಯ ಕಣಗಳ ಉದ್ದನೆಯ ಸರಪಳಿ. ಅದನ್ನು ಲಿಗ್ನಿನ್ ಎಂಬ ವಸ್ತು ಗಾರೆಯಂತೆ ಬಿಗಿದಿಟ್ಟಿರುತ್ತದೆ. ಶಾಖ, ಒತ್ತಡಗಳಿಂದ ಬಿಗಿತ ಸಡಿಲಿಸಿ, ಕಿಣ್ವಗಳಿಂದ ಸರಪಳಿ ತುಂಡರಿಸಿದ ಮೇಲಷ್ಟೇ ಹುದುಗಿಸುವ ಕೆಲಸ.

ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಇಂಥ ಎಥನಾಲ್ ಘಟಕ 2022ರ ಆಗಸ್ಟ್‌ನಲ್ಲಿ ಉದ್ಘಾಟನೆಗೊಂಡಿತು. ವರ್ಷಕ್ಕೆ 2 ಲಕ್ಷ ಟನ್ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥನಾಲ್ ಅದರ ಗುರಿ. ಅದೇ ಅಕ್ಟೋಬರ್‌ನಲ್ಲಿ ಪಂಜಾಬಿನ ಲೆಹ್ರಾಗಾಗಾದಲ್ಲಿ ಉದ್ಘಾಟನೆಗೊಂಡ ಘಟಕವು ದಿನಕ್ಕೆ 300 ಟನ್ ಹುಲ್ಲಿನಿಂದ 33 ಟನ್ ಅನಿಲ ತೆಗೆಯುವ ಸಾಮರ್ಥ್ಯಕ್ಕೆ ರೂಪಿತವಾದದ್ದು. ಅಂಕಿಗಳು ದೊಡ್ಡವೇ. ಆದರೆ 2 ಲಕ್ಷ ಟನ್ ಎಂಬುದು ಪಂಜಾಬಿನ ಒಟ್ಟು ಹುಲ್ಲಿನ ನೂರನೆಯ ಒಂದು ಪಾಲು. ಹುಲ್ಲು ಹಗುರ, ಗಾತ್ರ ದೊಡ್ಡದು. ಸಾಗಣೆಯ ದೂರ ಬೆಳೆದಂತೆ ಲಾರಿಯ ಡೀಸೆಲ್ಲು ಲಾಭವನ್ನು ತಿನ್ನುತ್ತದೆ. ಕೆಲವೇ ವಾರಗಳಲ್ಲಿ ಸಂಗ್ರಹಿಸಿದ್ದನ್ನು ವರ್ಷವಿಡೀ ಮಳೆ, ಬೆಂಕಿಗಳಿಂದ ಕಾಯಬೇಕಾಗುತ್ತದೆ.

ಇದಕ್ಕಿಂತ ಮುಖ್ಯವಾದುದು ಮಣ್ಣಿನ ಲೆಕ್ಕ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 5ರಿಂದ 6 ಕಿಲೋ ಸಾರಜನಕ, 15ರಿಂದ 25 ಕಿಲೋ ಪೊಟ್ಯಾಶ್ ಇರುತ್ತದೆ. ಉರಿಸಿದರೆ ಸಾರಜನಕದ ಬಹುಪಾಲು ಗಾಳಿಗೆ ಹೋಗುತ್ತದೆ; ಪೊಟ್ಯಾಶ್ ಬೂದಿಯಲ್ಲಿ ಉಳಿಯುತ್ತದೆ. ಕೊಳೆಸಿ ಅನಿಲ ತೆಗೆದರೆ ಹೊರಹೋಗುವುದು ಬಹುಮಟ್ಟಿಗೆ ಇಂಗಾಲ ಮಾತ್ರ. ಸಾರಜನಕ, ರಂಜಕ, ಪೊಟ್ಯಾಶ್‌ಗಳು ಬಗ್ಗಡದಲ್ಲಿ ನಿಲ್ಲುತ್ತವೆ. ಆ ಬಗ್ಗಡ, ಆ ಬೂದಿ ಹೊಲಕ್ಕೆ ಮರಳಿದರೆ ಮಾತ್ರ ಈ ಇಂಧನವನ್ನು ‘ನವೀಕರಿಸಬಹುದಾದದ್ದು’ ಎನ್ನಬಹುದು. ಮರಳದಿದ್ದರೆ ಅದು ಮಣ್ಣಿನ ಗಣಿಗಾರಿಕೆ.

ಈ ವಿವೇಕಕ್ಕೆ ಕರ್ನಾಟಕದಲ್ಲೇ ಮಾದರಿಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ತುಮಕೂರು ಜಿಲ್ಲೆಯ ಪುರ ಗ್ರಾಮದಲ್ಲಿ ಸಮುದಾಯ ಜೈವಿಕ ಅನಿಲ ಘಟಕವನ್ನು ಕಟ್ಟಿತು. ಊರವರ ಸಗಣಿಯಿಂದ ಬಂದ ಅನಿಲವು 1987ರಿಂದ ದೀಪ ಬೆಳಗಿಸಿತು, ಕುಡಿಯುವ ನೀರನ್ನು ಮೇಲೆತ್ತಿತು. ತಂದುಕೊಟ್ಟ ಸಗಣಿಯ ಪ್ರಮಾಣಕ್ಕೆ ತಕ್ಕಂತೆ ಪ್ರತಿ ಮನೆಗೂ ಬಗ್ಗಡದ ಗೊಬ್ಬರವನ್ನು ಹಿಂದಿರುಗಿಸಲಾಗುತ್ತಿತ್ತು. ಅದೇ ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಕಟ್ಟಿಗೆಯ ಅನಿಲದಿಂದ ವಿದ್ಯುತ್ ಬಂತು. ಕಟ್ಟಿಗೆಗೆಂದೇ ನೆಡುತೋಪನ್ನು ಬೆಳೆಸಲಾಗಿತ್ತು. ಎರಡರಲ್ಲೂ ಯಂತ್ರದಷ್ಟೇ ಮುಖ್ಯವಾಗಿದ್ದುದು ಊರವರ ನಡುವಿನ ಲೆಕ್ಕಾಚಾರ.

ಇನ್ನು ಮಲೆನಾಡಿನ ಮಾತು. ಇಲ್ಲಿ ಭತ್ತದ ಹುಲ್ಲು ಮಿಗತೆಯಲ್ಲ. ಗದ್ದೆಗಳು ತೋಟವಾದಂತೆ ಬಣವೆಗಳು ಕುಗ್ಗಿವೆ. ಇರುವ ಹುಲ್ಲು ಹಸುವಿನ ಪಾಲು. ಸೊಪ್ಪಿನಬೆಟ್ಟದ ದರಕೂ ಹಾಗೆಯೇ. ಅದನ್ನು ಗುಡಿಸಿ ಇಂಧನದ ಇಟ್ಟಿಗೆಗೆ ಮಾರಿದರೆ ಬೆಟ್ಟವೂ ಬರಡು, ತೋಟವೂ ಬಡವು.

ನಿಜವಾಗಿ ಮಿಗುವುದು ಅಡಿಕೆಯ ಸಿಪ್ಪೆ. ಹಸಿ ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ಕೊಯ್ಲಿನ ಕಾಲದಲ್ಲಿ ಅದು ರಸ್ತೆಬದಿಯ ರಾಶಿಯಾಗಿ, ದಿನಗಟ್ಟಲೆ ಹೊಗೆಯಾಡುತ್ತದೆ. ಅದೇ ಹೊತ್ತಿಗೆ ಅಡಿಕೆ ಬೇಯಿಸುವ ಹಂಡೆಯ ಕೆಳಗೆ ಉರಿಯುವುದು ಕಾಡಿನ ಕಟ್ಟಿಗೆ! ಈ ವರ್ಷದ ಸಿಪ್ಪೆಯನ್ನು ಬೇಸಿಗೆಯ ಬಿಸಿಲಲ್ಲಿ ಒಣಗಿಸಿ, ಮಾಡಿನಡಿ ಕಾದಿಟ್ಟರೆ ಮುಂದಿನ ಕೊಯ್ಲಿಗೆ ಉರುವಲು ಸಿದ್ಧ. ಗಾಳಿ ಚೆನ್ನಾಗಿ ಆಡುವ ಒಲೆಯಿದ್ದರೆ ಹೊಗೆಯೂ ಕಡಿಮೆ. ಬೂದಿ ಅಡಿಕೆಮರದ ಬುಡಕ್ಕೆ ಸೇರಲಿ. ಹಸಿಯಾಗಿ ಉಳಿದದ್ದು ಸಗಣಿನೀರಿನೊಡನೆ ಗೊಬ್ಬರವಾಗಲಿ.

ಕಾಫಿಸೀಮೆಯ ಪಾಡು ಬೇರೆ. ಹಣ್ಣು ಪಲ್ಪ್ ಮಾಡಿದ ನೀರು ಹಳ್ಳಕ್ಕಿಳಿದರೆ ಅಲ್ಲಿಯ ಪ್ರಾಣವಾಯು ಕುಸಿದು ಮೀನು ಸಾಯುತ್ತವೆ. ಆ ನೀರಿನ ಹುಳಿಯನ್ನು ಸುಣ್ಣದಿಂದ ತಗ್ಗಿಸಿ ಅನಿಲದ ತೊಟ್ಟಿಗೆ ಹರಿಸಿದರೆ ಅದೇ ನೀರು ಒಲೆಯ ಉರಿಯಾಗುತ್ತದೆ.

ನಾಳೆ ಯಾವುದೇ ಕಂಪನಿ ಉಳಿಕೆಯನ್ನು ಕೊಳ್ಳಲು ಊರಿಗೆ ಬಂದರೆ ಗ್ರಾಮಸಭೆ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ವರ್ಷಕ್ಕೆ ಎಷ್ಟು ಟನ್ ಬೇಕು? ಎಷ್ಟು ದೂರದಿಂದ ತರುತ್ತೀರಿ? ಬೂದಿ, ಬಗ್ಗಡ ಯಾರ ಹೊಲಕ್ಕೆ ಮರಳುತ್ತದೆ? ಉಳಿಕೆ ಸಾಲದ ವರ್ಷ ಬಾಯ್ಲರಿಗೆ ಹಾಕುವುದು ಏನನ್ನು? ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ, ಕಾಡಿನ ಮರವೇ ಅದರ ಉತ್ತರವೆಂದು ತಿಳಿಯಬೇಕು.

ವಿದ್ಯಾರ್ಥಿಗಳಿಗೊಂದು ಕೆಲಸವಿದೆ. ಈ ಕೊಯ್ಲಿನಲ್ಲಿ ಪ್ರತಿಯೊಬ್ಬರೂ ಹತ್ತು ಮನೆಗಳಿಗೆ ಹೋಗಿ, ಸಿಪ್ಪೆ ಎಷ್ಟು, ಹುಲ್ಲು ಎಷ್ಟು, ದನಕ್ಕೆಷ್ಟು, ಗೊಬ್ಬರಕ್ಕೆಷ್ಟು, ಅಡಿಕೆ ಬೇಯಿಸಲು ಕಾಡಿನಿಂದ ಬಂದ ಕಟ್ಟಿಗೆ ಎಷ್ಟು ಹೊರೆ ಎಂದು ಬರೆದುಕೊಳ್ಳಲಿ. ದನಕ್ಕೂ ಮಣ್ಣಿಗೂ ಕೊಟ್ಟು ಮಿಕ್ಕುದೆಷ್ಟೆಂದು ಆ ಪಟ್ಟಿ ಹೇಳುತ್ತದೆ. ಇಂಧನದ ಮಾತು ಅಲ್ಲಿಂದ ಆರಂಭವಾಗಲಿ.