ಕೆರಾಡಿಯ ನಟ
(ಬಾರ್ಕೂರಿನಲ್ಲಿ ಶಾಲೆಯೊಂದರ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ಉತ್ಸವದ ಕಾರ್ಯಕರ್ತರು ನಮ್ಮನ್ನು ಕರೆಯಲು ಬಂದಾಗ, ವಕೀಲರಾದ ನಾವು ಕಾನೂನಿನ ವಿಷಯವಾಗಿ ನಾಲ್ಕು ಮಾತು ಹೇಳುವೆವೆಂದು ಎಣಿಸಿದ್ದರು. ಬಾರ್ಕೂರಿನಲ್ಲಿ ಕಾನೂನಿಗೆ ವಿಷಯದ ಬರವಿಲ್ಲ. ಅಳಿಯಸಂತಾನದ ಕಟ್ಟನ್ನು ಮಾಡಿದನೆಂದು ಐತಿಹ್ಯವು ಸಾರುವ ಭೂತಾಳಪಾಂಡ್ಯನ ಊರು ಇದು. ಕುಂಡೋದರನೆಂಬ ಭೂತವು ರಾಜನನ್ನು ಬಲಿ ಕೇಳಿದ ಕಥೆಯನ್ನು ಇಲ್ಲಿಯ ಅಜ್ಜಿಯರು ನಮಗಿಂತ ಚೆನ್ನಾಗಿ ಬಲ್ಲರು. ಆದರೆ ನಾವು ಆರಿಸಿಕೊಂಡುದು ಒಬ್ಬ ನಟನ ವಿಷಯವನ್ನು. “ಮಕ್ಕಳ ಮುಂದೆ ಸಿನೇಮಾ ನಟನ ಕಥೆಯೇ?” ಎಂದು ಮಿತ್ರರೊಬ್ಬರು ಹುಬ್ಬೇರಿಸಿದರು. ಹೌದು, ಅದೇ ಕಥೆ. ಏತಕ್ಕೆಂಬುದು ಮುಂದೆ ತಿಳಿದುಬಂದೀತು.

ಶ್ರೀ ರಿಷಭ ಶೆಟ್ಟಿಯವರು ಹುಟ್ಟಿದ್ದು 1983ನೆಯ ಜುಲೈ 7ರಂದು, ನಮ್ಮದೇ ಕುಂದಾಪುರ ತಾಲೂಕಿನ ಕೆರಾಡಿಯವರು. ಮನೆಯವರು ಇಟ್ಟ ಹೆಸರು ಪ್ರಶಾಂತ. ಅವರು ಮೊದಲು ಬಣ್ಣ ಹಚ್ಚಿದ್ದು ಕ್ಯಾಮರಾದ ಮುಂದೆ ಅಲ್ಲ, ಯಕ್ಷಗಾನದ ರಂಗದಲ್ಲಿ. ಈ ಸಂಗತಿಯನ್ನು ಪತ್ರಿಕೆಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗುತ್ತವೆ. ನಮ್ಮ ಸೀಮೆಯವರು ಹಾಗೆ ಸಾಗಲಾಗದು. ಹಾರಾಡಿ, ಮಟಪಾಡಿ ಎಂಬ ಎರಡು ಕುಣಿತದ ಕ್ರಮಗಳಿಗೆ ಹೆಸರು ಕೊಟ್ಟ ಊರುಗಳು ಈ ಬ್ರಹ್ಮಾವರದ ಆಸುಪಾಸಿನಲ್ಲಿಯೇ ಇವೆ. ಹಾರಾಡಿ ರಾಮ ಗಾಣಿಗರ ಹೆಸರನ್ನು ಕೇಳದ ಹಿರಿಯರು ಈ ಸಭೆಯಲ್ಲಿ ಇರಲಾರರು. ಮಂದರ್ತಿಯ ಮೇಳದ ಹರಕೆಯಾಟಕ್ಕೆ ತಮ್ಮ ಸರದಿ ಬರಲೆಂದು ವರ್ಷಗಟ್ಟಲೆ ಕಾಯುವ ಮನೆಗಳು ಎಷ್ಟಿಲ್ಲ! ಹೀಗೆ ಇಲ್ಲಿಯ ಹುಡುಗನಿಗೆ ಓದು ಹತ್ತುವ ಮೊದಲೇ ತಾಳ ಹತ್ತಿರುತ್ತದೆ. ಚೌಕಿಯಲ್ಲಿ ಕುಳಿತು ಮುಖಕ್ಕೆ ಬಣ್ಣ ಬರೆದುಕೊಳ್ಳುವವನು ಮೊದಲು ಕಲಿಯುವುದು ಮಾತನ್ನಲ್ಲ. ನಿಲ್ಲುವುದನ್ನು, ತಿರುಗುವುದನ್ನು, ಚೆಂಡೆಯ ಪೆಟ್ಟಿಗೆ ಮೈಯೆಲ್ಲ ಎಚ್ಚರವಾಗುವುದನ್ನು. ಮಾತು ಅರ್ಥಧಾರಿಗೆ ಬಿಟ್ಟುದು. ದೇಹವು ಭಾಗವತನ ವಶ. ಈ ಪಾಠವನ್ನು ನೆನಪಿನಲ್ಲಿಡಿರಿ.

ಮುಂದಿನ ಹಲವು ವರ್ಷಗಳ ಕಥೆ ನಮ್ಮೂರ ಸಾವಿರಾರು ಯುವಕರ ಕಥೆಯೇ ಆಗಿರುವುದರಿಂದ ವಿಸ್ತರಿಸುವುದಿಲ್ಲ. ಬೆಂಗಳೂರಿಗೆ ಹೋದರು, ವಿಜಯಾ ಕಾಲೇಜಿನಲ್ಲಿ ವಾಣಿಜ್ಯ ಪದವಿಗೆ ಓದಿದರು, ಅಲ್ಲಿ ನಾಟಕಗಳಲ್ಲಿ ನಟಿಸಿದರು. ನೀರಿನ ಬಾಟಲಿಗಳನ್ನು ಮಾರಿದರು, ಹೋಟೆಲು ನಡೆಸಿದರು, ಜಮೀನಿನ ವ್ಯವಹಾರಕ್ಕೂ ಕೈಹಾಕಿದರು. ಕರಾವಳಿಯವನು ಬೆಂಗಳೂರಿನಲ್ಲಿ ಹೋಟೆಲು ಇಟ್ಟನೆಂದರೆ ಯಾರೂ ಆಶ್ಚರ್ಯಪಡುವುದಿಲ್ಲ. ಸರಕಾರದ ಚಲನಚಿತ್ರ ಸಂಸ್ಥೆಯಲ್ಲಿ ನಿರ್ದೇಶನದ ಡಿಪ್ಲೊಮಾ ಪಡೆದು, ಇತರರ ಕೈಕೆಳಗೆ ಸಹಾಯಕರಾಗಿ ದುಡಿದು, 2012ರಲ್ಲಿ ‘ತುಘಲಕ್’ ಎಂಬ ಚಿತ್ರದಲ್ಲಿ ಮುಖ ತೋರಿಸಿದರು. ಮರುವರ್ಷ ‘ಲೂಸಿಯಾ’ದಲ್ಲಿ ಪೋಲೀಸಿನವನ ಚಿಕ್ಕ ಪಾತ್ರ. 2014ರಲ್ಲಿ ‘ಉಳಿದವರು ಕಂಡಂತೆ’. 2016ರಲ್ಲಿ ‘ರಿಕ್ಕಿ’ಯ ಮೂಲಕ ನಿರ್ದೇಶಕರಾದರು, ಅದೇ ವರ್ಷದ ಕೊನೆಯಲ್ಲಿ ಬಂದ ‘ಕಿರಿಕ್ ಪಾರ್ಟಿ’ ಅವರ ಹೆಸರನ್ನು ನಾಡಿಗೆ ಹಬ್ಬಿಸಿತು.

ಈಗ ನಮ್ಮ ತಪ್ಪೊಪ್ಪಿಗೆಯನ್ನು ಒಂದಿಷ್ಟು ಕೇಳಿರಿ. ನಾವು ಕಾನೂನು ಓದಲು ಘಟ್ಟದ ಮೇಲೆ ಹೋದಾಗ, ವಸತಿಗೃಹದ ಗೆಳೆಯರು ನಮ್ಮ ಬಾಯಿಂದ ‘ಹೋಯ್ಕ್’ ‘ಬರ್ಕ್’ ಎಂಬ ಮಾತು ಕೇಳಿ ಹೊಟ್ಟೆ ಹಿಡಿದು ನಕ್ಕರು. ನಾವು ಸಿಟ್ಟಾಗಲಿಲ್ಲ, ಅದಕ್ಕಿಂತ ಹೀನವಾದುದನ್ನು ಮಾಡಿದೆವು. ಆರು ತಿಂಗಳೊಳಗೆ ಆ ಮಾತುಗಳನ್ನು ನಾಲಗೆಯಿಂದ ಕಿತ್ತುಹಾಕಿದೆವು. ರಜೆಗೆ ಬಂದಾಗ ಮನೆಯಲ್ಲಿಯೂ ಗ್ರಂಥದ ಕನ್ನಡವನ್ನೇ ಆಡಿದೆವು. ನಮ್ಮ ಅಬ್ಬೆ ಒಂದು ದಿನ, “ಹ್ವಾಯ್, ನೀನ್ ನಮ್ಮನಿಯವ್ನೇ ಹೌದಾ?” ಎಂದು ಕೇಳಿದ್ದು ಇಂದಿಗೂ ಮರೆತಿಲ್ಲ. ಈ ಸಭೆಯಲ್ಲಿರುವ ಉಪಾಧ್ಯಾಯರಲ್ಲಿ ಎಷ್ಟು ಮಂದಿ, ಹುಡುಗನು ಮನೆಯ ಮಾತಿನಲ್ಲಿ ಉತ್ತರ ಕೊಟ್ಟನೆಂದು ‘ಶುದ್ಧವಾಗಿ ಹೇಳು’ ಎಂದು ಗದರಿಸಿಲ್ಲ? ಸಿನೇಮಾ ಮಾಡಿದವರೂ ಬಹುಕಾಲ ಇದನ್ನೇ ಮಾಡಿದರು. ಕರಾವಳಿಯ ಕನ್ನಡವು ತೆರೆಯ ಮೇಲೆ ಬಂದುದು ಬಹುಮಟ್ಟಿಗೆ ನಗಿಸುವುದಕ್ಕೆ. ಅಡುಗೆ ಭಟ್ಟನು ಆಡಬಹುದಾಗಿತ್ತು, ನಾಯಕನು ಆಡಕೂಡದು. ದುಃಖಪಡುವವನೂ ಪ್ರೀತಿಸುವವನೂ ಬೇರೆ ಕಡೆಯ ಕನ್ನಡವನ್ನು ಆಡಬೇಕು.

ಶ್ರೀ ಶೆಟ್ಟಿಯವರ ಜೀವನವೃತ್ತಾಂತದಲ್ಲಿ ನಮಗೆ ಮುಖ್ಯವಾಗಿ ತೋರುವುದು ಇದು. ಅವರು ದೊಡ್ಡವರಾದುದು ಊರಿನಿಂದ ದೂರ ಹೋದಂತೆಲ್ಲ ಅಲ್ಲ, ಊರಿಗೆ ಮರಳಿದಂತೆಲ್ಲ.

ಮೊದಲು ಮರಳಿದ್ದು ಗಡಿಯ ಕಡೆಗೆ. 2018ರಲ್ಲಿ ಅವರು ನಿರ್ದೇಶಿಸಿದ ‘ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಎಂಬ ಚಿತ್ರವನ್ನು ತಾವು ನೋಡಿರಬಹುದು. 1956ನೆಯ ನವೆಂಬರ್ 1ರಂದು ಚದುರಿದ ಕನ್ನಡ ನಾಡುಗಳು ಒಂದಾದವು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಗೋವಿಂದ ಪೈಗಳ ಮಂಜೇಶ್ವರವೂ ಕಯ್ಯಾರ ಕಿಞ್ಞಣ್ಣ ರೈಗಳ ಊರೂ ಗೆರೆಯ ಆಚೆಗೆ ಉಳಿದವು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಕರ್ನಾಟಕಕ್ಕೆ ಸೇರತಕ್ಕುದೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿತು. ವರದಿ ಕಾಗದವಾಗಿಯೇ ಉಳಿಯಿತು. ಈ ವಿಷಯದಲ್ಲಿ ನಾವು ಎಷ್ಟು ಭಾಷಣ ಮಾಡಿಲ್ಲ, ಎಷ್ಟು ಠರಾವು ಬರೆದಿಲ್ಲ! ಆ ಠರಾವುಗಳು ಮಾಡದ ಕೆಲಸವನ್ನು ಚಡ್ಡಿ ತೊಟ್ಟ ಹುಡುಗರ ಒಂದು ಚಿತ್ರ ಮಾಡಿತು. ಕನ್ನಡ ಶಾಲೆಗೆ ಕನ್ನಡ ಬಾರದ ಗಣಿತದ ಮೇಷ್ಟರು ನೇಮಕವಾಗಿ ಬರುತ್ತಾರೆ. ಅವರು ದುಷ್ಟರೇನೂ ಅಲ್ಲ; ಮಕ್ಕಳೂ ದಡ್ಡರಲ್ಲ. ನಡುವೆ ಭಾಷೆ ಇಲ್ಲ, ಅಷ್ಟೇ. ಶಾಲೆ ಮುಚ್ಚುವ ಹಂತಕ್ಕೆ ಬಂದಾಗ ಮಕ್ಕಳು ಮೈಸೂರಿನಿಂದ ಅನಂತಪದ್ಮನಾಭನೆಂಬ ಒಬ್ಬ ವೃದ್ಧನನ್ನು ಕರೆತರುತ್ತಾರೆ. ಅವನು ನ್ಯಾಯಾಲಯದಲ್ಲಿ ಅವರ ಪರವಾಗಿ ವಾದಿಸುತ್ತಾನೆ. ಆ ಪಾತ್ರ ಶ್ರೀ ಅನಂತನಾಗರದು.

ವಕೀಲರ ಕಣ್ಣಿನಿಂದ ನೋಡಿದರೆ ಆ ಕೋರ್ಟಿನ ದೃಶ್ಯಕ್ಕೆ ನೂರು ಆಕ್ಷೇಪ ಎತ್ತಬಹುದು. ಯಾವ ನ್ಯಾಯಾಧೀಶರೂ ಒಬ್ಬನಿಗೆ ಅಷ್ಟು ಹೊತ್ತು ಮಾತನಾಡಲು ಬಿಡುವುದಿಲ್ಲ. ನಮಗಂತೂ ಎಂದೂ ಬಿಟ್ಟಿಲ್ಲ. ಆದರೆ ವಾದದ ತಿರುಳು ಸರಿಯಾಗಿದೆ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡುವಂತೆ ನಮ್ಮ ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಆ ವಿಧಿಯನ್ನು ಸಂವಿಧಾನಕ್ಕೆ ಸೇರಿಸಿದ್ದೂ 1956ರಲ್ಲಿಯೇ. ಗಡಿ ಎಳೆದವರಿಗೆ ಗಡಿಯಾಚೆ ಉಳಿಯುವವರ ನೆನಪು ಅಷ್ಟರಮಟ್ಟಿಗೆ ಇತ್ತು. ಈ ಚಿತ್ರಕ್ಕೆ ಶ್ರೇಷ್ಠ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಚಿತ್ರೀಕರಣ ನಡೆದ ಕೈರಂಗಳದ ಸರಕಾರಿ ಶಾಲೆಯ ಏಳಿಗೆಯ ಹೊಣೆಯನ್ನು ಅವರು ಬಳಿಕ ವಹಿಸಿಕೊಂಡರೆಂಬುದು ನಮಗೆ ಪ್ರಶಸ್ತಿಗಿಂತ ಹೆಚ್ಚಿನದಾಗಿ ಕಾಣುತ್ತದೆ.

ಇನ್ನು ‘ಕಾಂತಾರ’. ಅದು 2022ನೆಯ ಸೆಪ್ಟೆಂಬರ್ 30ರಂದು ತೆರೆಗೆ ಬಂತು. ಮೊದಲು ಕನ್ನಡದಲ್ಲಿ ಮಾತ್ರವೇ ಬಂದು, ಜನರು ಕೇಳಿದ ಮೇಲೆ ಹಿಂದಿ, ತೆಲುಗು, ತಮಿಳು, ಮಲೆಯಾಳಗಳಿಗೂ ಕೊನೆಗೆ ತುಳುವಿಗೂ ಹೋಯಿತು. ಚಿತ್ರೀಕರಣ ನಡೆದುದು ಅವರ ಹುಟ್ಟೂರು ಕೆರಾಡಿಯಲ್ಲಿ. ಕಂಬಳದ ಕೋಣ ಓಡಿಸುವ ಶಿವನೆಂಬ ಒರಟನಾಗಿಯೂ, ಅವನ ತಂದೆಯಾದ ದೈವನರ್ತಕನಾಗಿಯೂ ಶ್ರೀ ಶೆಟ್ಟಿಯವರೇ ನಟಿಸಿದರು. ನಾಯಕನು ನಮ್ಮ ಮಾತಿನಲ್ಲಿ ಬೈಯುತ್ತಾನೆ, ನಮ್ಮ ಮಾತಿನಲ್ಲಿ ಅಳುತ್ತಾನೆ. ಉತ್ತರ ಹಿಂದೂಸ್ಥಾನದವರೂ ಅದನ್ನು ನೋಡಲು ಸಾಲು ನಿಂತರು. ನಾಯಿಕೆಯೊಡನೆ ಅವನ ನಡತೆ ನಮಗೆ ಒಪ್ಪಿಗೆಯಾಗಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಹುಡುಗರು ಕಲಿಯತಕ್ಕುದಲ್ಲ ಅದು. ಆದರೆ ಕೊನೆಯ ಭಾಗದ ನಟನೆಗೆ ಸಮನಾದುದನ್ನು ನಾವು ಹೆಚ್ಚು ಕಂಡಿಲ್ಲ. ಮಾತು ನಿಂತುಹೋಗುತ್ತದೆ. ಕಣ್ಣು, ಕತ್ತು, ಹೆಜ್ಜೆ, ಕೂಗು, ಇಷ್ಟೇ ಉಳಿಯುತ್ತವೆ. ಚೌಕಿಯಲ್ಲಿ ಬಾಲಕನು ಮೊದಲು ಕಲಿತ ಪಾಠವೆಂದು ಆಗಲೇ ಹೇಳಿದೆವಲ್ಲ, ಅದೇ ಅಲ್ಲಿ ಎದ್ದು ಬಂದಿದೆ.

ಆ ನಟನೆಗಾಗಿ 2022ನೆಯ ಸಾಲಿನ ಶ್ರೇಷ್ಠ ನಟನ ರಾಷ್ಟ್ರಪ್ರಶಸ್ತಿಯು ಅವರಿಗೆ ದೊರೆತುದಾಗಿ 2024ನೆಯ ಆಗಸ್ಟ್ 16ರಂದು ಪ್ರಕಟವಾಯಿತು. ಕನ್ನಡ ಚಿತ್ರವೊಂದರ ನಟನೆಗೆ ಈ ಪ್ರಶಸ್ತಿ ಮೊದಲು ಬಂದುದು 1975ರ ‘ಚೋಮನ ದುಡಿ’ಗೆ, ಚೋಮನಾದ ಎಂ. ವಿ. ವಾಸುದೇವ ರಾಯರಿಗೆ. ಆ ಕಾದಂಬರಿಯನ್ನು ಬರೆದ ಶಿವರಾಮ ಕಾರಂತರು ಇಲ್ಲಿಗೆ ಸಮೀಪದ ಕೋಟದಲ್ಲಿ ಹುಟ್ಟಿದವರು. ಚಿತ್ರವನ್ನು ನಿರ್ದೇಶಿಸಿದ ಬಿ. ವಿ. ಕಾರಂತರು ಬಂಟ್ವಾಳದ ಕಡೆಯವರು. ಚೋಮನು ಕೇಳಿದ್ದು ಉಳುವುದಕ್ಕೆ ಒಂದು ತುಂಡು ನೆಲ. ಅದು ಸಿಕ್ಕಲಿಲ್ಲ, ದುಡಿ ಬಾರಿಸಿ ಬಾರಿಸಿ ಸತ್ತನು. ನಲವತ್ತೇಳು ವರ್ಷಗಳ ಬಳಿಕ ಬಂದ ‘ಕಾಂತಾರ’ದಲ್ಲಿಯೂ ಜಗಳವು ನೆಲದ ಮೇಲೆಯೇ. ಅರಸನು ದೈವದ ಮುಂದೆ ಕೊಟ್ಟ ಭೂಮಿ ಯಾರದು? ಧಣಿಯದೋ, ಅರಣ್ಯ ಇಲಾಖೆಯದೋ, ಅಲ್ಲಿ ಬಾಳುವವರದೋ? ಭೂಮಿಯ ಖಟ್ಲೆಗಳಲ್ಲಿಯೇ ಅರ್ಧ ಆಯುಷ್ಯ ಕಳೆದ ನಮಗೆ ಈ ಪ್ರಶ್ನೆ ಹೊಸತಲ್ಲ. ಚೋಮನ ಕಥೆಯಲ್ಲಿ ಯಾರೂ ಅವನ ನೆರವಿಗೆ ಬರಲಿಲ್ಲ. ಇಲ್ಲಿ ದೈವ ಬಂತು. ಯಾವುದು ಹೆಚ್ಚು ಸತ್ಯವೆಂದು ಕೇಳಿದರೆ, ನ್ಯಾಯಾಲಯದ ಮೊಗಸಾಲೆಯಲ್ಲಿ ನಾವು ದಿನವೂ ಕಾಣುವುದು ಚೋಮನನ್ನೇ.

ಈ ಚಿತ್ರದಿಂದಾದ ಒಂದು ಒಳಿತನ್ನು ಹೇಳದೆ ಬಿಡಲಾಗದು. ಅದೇ 2022ರ ಅಕ್ಟೋಬರ್ ತಿಂಗಳಲ್ಲಿ, ಅರುವತ್ತು ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನವನ್ನು ಕರ್ನಾಟಕ ಸರಕಾರವು ಘೋಷಿಸಿತು. ಪಂಬದ, ಪರವ, ನಲಿಕೆ ಜನರು ತಲೆತಲಾಂತರದಿಂದ ಕೆಂಡ ತುಳಿದುಕೊಂಡು ಬಂದವರು. ಕೋಲದ ರಾತ್ರಿ ನಾವು ಅವರಿಗೆ ಕೈಮುಗಿಯುತ್ತೇವೆ. ಬೆಳಗಾದರೆ ಅಂಗಳದಾಚೆ ನಿಲ್ಲಿಸಿದವರೂ ನಾವೇ.

ಇದರೊಡನೆಯೇ ಒಂದು ಕಳವಳವೂ ಹುಟ್ಟಿತು. ಚಿತ್ರ ನೋಡಿದ ಕೆಲವರು ಚಿತ್ರಮಂದಿರಗಳಲ್ಲಿಯೂ ಬೀದಿಗಳಲ್ಲಿಯೂ ದೈವದ ವೇಷ ಕಟ್ಟಿ ಕೂಗತೊಡಗಿದರು. 2025ನೆಯ ಅಕ್ಟೋಬರ್ 2ರಂದು ಹಿಂದಿನ ಕಾಲದ ಕಥೆಯುಳ್ಳ ‘ಕಾಂತಾರ: ಅಧ್ಯಾಯ 1’ ಬಂದಾಗಲೂ ಹಾಗೆಯೇ ಆಯಿತು. ಹಾಗೆ ಅನುಕರಿಸಬಾರದೆಂದು ಚಿತ್ರದವರೇ ಬಹಿರಂಗವಾಗಿ ಬೇಡಿಕೊಳ್ಳಬೇಕಾಯಿತು. ತೆರೆಯ ಮೇಲೆ ದೈವವನ್ನು ತರುವುದೇ ಸರಿಯಲ್ಲವೆನ್ನುವ ಹಿರಿಯರೂ ನಮ್ಮಲ್ಲಿದ್ದಾರೆ. ಅವರ ಮಾತನ್ನು ನಾವು ನಗೆಯಿಂದ ತಳ್ಳಿಹಾಕುವುದಿಲ್ಲ. ನಟನು ವೇಷ ಕಳಚಿದರೆ ಮನುಷ್ಯ. ದೈವನರ್ತಕನು ಅಣಿ ಕಟ್ಟಿದಾಗ ಊರಿನ ನ್ಯಾಯಸ್ಥಾನ. ಇವೆರಡರ ನಡುವಿನ ಗೆರೆಯನ್ನು ನಟನು ಬಲ್ಲನೆಂದು ನಾವು ನಂಬುತ್ತೇವೆ. ನೋಡುವವನಿಗೂ ತಿಳಿಯಬೇಕಾದರೆ ಅವನಿಗೆ ಆಟವನ್ನೂ ಕೋಲವನ್ನೂ ಊರಿನಲ್ಲಿಯೇ ತೋರಿಸಿದವರು ಇರಬೇಕು. ಆ ಕೆಲಸ ಸಿನೇಮಾದವರದಲ್ಲ, ಮನೆಯವರದು ಮತ್ತು ಶಾಲೆಯವರದು.

ಉಪಾಧ್ಯಾಯ ಬಂಧುಗಳಲ್ಲಿ ಒಂದು ಬಿನ್ನಹ. ನಾಳೆ ತರಗತಿಯಲ್ಲಿ ಹುಡುಗನೊಬ್ಬನು ‘ಹೋಯ್ಕ್’ ಎಂದರೆ, ‘ಹೋಗಬೇಕು’ ಎಂಬುದನ್ನೂ ಅವನಿಗೆ ಕಲಿಸಿರಿ. ಪರೀಕ್ಷೆಗೆ ಅದು ಬೇಕು. ಆದರೆ ಮೊದಲನೆಯದನ್ನು ಅಳಿಸಬೇಡಿರಿ.

ಗಂಟೆ ಒಂಬತ್ತಾಗುತ್ತ ಬಂತು. ಚೌಕಿಯಲ್ಲಿ ಬಾಲಗೋಪಾಲರು ಮುಂಡಾಸು ಕಟ್ಟಿಕೊಂಡು ಕಾದಿದ್ದಾರೆ. ಒಬ್ಬ ಚಿಕ್ಕವನು ಪರದೆ ಸರಿಸಿ, ಈ ವಕೀಲರ ಮಾತು ಎಂದು ಮುಗಿಯುವುದೋ ಎಂದು ಎರಡು ಸಲ ಇಣುಕಿಯೂ ಆಯಿತು. ಭಾಗವತರು ತಾಳ ಕೈಗೆತ್ತಿಕೊಂಡಿದ್ದಾರೆ. ನಾವು ಕುಳಿತುಕೊಳ್ಳುತ್ತೇವೆ, ಮುಂದಿನ ಸಾಲಿನಲ್ಲಿ ನಮಗೊಂದು ಸ್ಥಳ ಕೊಡಿರಿ.